ಡಂಪಿಂಗ್ ಕೇಸಿಗೆ ಉತ್ತರ ಬರೆದ ಆ 37 ದಿನ

ನೋಟಿಸ್ ಬಂದ ದಿನ ನಮ್ಮ ಎಂಡಿ ನಕ್ಕುಬಿಟ್ಟರು. "ಹೊರದೇಶಕ್ಕೆ ನಾವು ಇಲ್ಲಿಗಿಂತ ಜಾಸ್ತಿ ರೇಟಿಗೇ ಮಾರ್ತೀವಲ್ರೀ, ಇದ್ಯಾವ ಡಂಪಿಂಗು?" ಅಂದರು. ನನಗೂ ಹಾಗೇ ಅನ್ನಿಸಿತ್ತು. ನಾನು ಬೇರಿಂಗ್ ಕಾರ್ಖಾನೆಯ ಕಾಸ್ಟಿಂಗ್ ವಿಭಾಗದವನು. ಒಂದು ಪೀಸಿಗೆ ಎಷ್ಟು ಖರ್ಚು ಬೀಳುತ್ತದೆ ಅಂತ ಲೆಕ್ಕ ಹಾಕುವುದೇ ನನ್ನ ಕೆಲಸ. ವ್ಯಾಪಾರದ ಕಾನೂನು ನನಗೆ ಸಂಬಂಧವಿಲ್ಲದ ವಿಷಯ ಅಂದುಕೊಂಡಿದ್ದೆ.

ನಾವು ಟೇಪರ್ ರೋಲರ್ ಬೇರಿಂಗ್ (ಶಂಕುವಿನಾಕಾರದ ರೋಲರ್ ಇರುವ ಬೇರಿಂಗ್, ನಮ್ಮ ಮಾತಲ್ಲಿ ಬರೀ ಟೇಪರ್) ಕಳಿಸುತ್ತಿದ್ದ ದೇಶದ ತಯಾರಕರು ಅಲ್ಲಿನ ಸರ್ಕಾರಕ್ಕೆ ದೂರು ಕೊಟ್ಟಿದ್ದರು. ನಮ್ಮಂಥವರು ನಮ್ಮ ದೇಶದಲ್ಲಿ ಮಾರುವ ದರಕ್ಕಿಂತ ಕಡಿಮೆಗೆ ಅಲ್ಲಿ ಮಾರಿ, ಅಂದರೆ ಡಂಪಿಂಗ್ ಮಾಡಿ, ಅವರಿಗೆ ಪೆಟ್ಟು ಕೊಡುತ್ತಿದ್ದೇವೆ ಅನ್ನೋದು ದೂರು. ಜೊತೆಗೆ ದಪ್ಪನೆಯ ಪ್ರಶ್ನಾವಳಿ. ವಿಶ್ವ ವ್ಯಾಪಾರ ಸಂಸ್ಥೆಯ ಆಂಟಿಡಂಪಿಂಗ್ ಒಪ್ಪಂದದ ಪ್ರಕಾರ ಉತ್ತರಕ್ಕೆ ಕನಿಷ್ಠ 30 ದಿನ ಕೊಡಬೇಕು. ಕಳಿಸಿದ ಒಂದು ವಾರಕ್ಕೆ ನಮಗೆ ಸಿಕ್ಕಿತು ಅಂತ ಎಣಿಸುತ್ತಾರೆ. ಹಾಗಾಗಿ ಒಟ್ಟು 37 ದಿನ. ಮೊದಲ ವಾರ ಪ್ರಶ್ನೆ ಅರ್ಥ ಮಾಡಿಕೊಳ್ಳೋದರಲ್ಲೇ ಹೋಯಿತು.

ಎಂಡಿಯವರ ಮಾತು ಎಲ್ಲಿ ತಪ್ಪು ಅಂತ ಆಗ ತಿಳಿಯಿತು. ಅಧಿಕಾರಿಗಳು ಬಿಲ್ಲಿನ ಮೇಲಿನ ದರ ನೋಡೋದಿಲ್ಲ. ಎರಡೂ ದರಗಳನ್ನು ಕಾರ್ಖಾನೆಯ ಬಾಗಿಲಿಗೆ ತಂದು ನಿಲ್ಲಿಸಿ ಹೋಲಿಸುತ್ತಾರೆ. ಇಲ್ಲಿ ಡೀಲರ್‌ಗೆ 100ಕ್ಕೆ ಮಾರಿದೆವು ಅಂದುಕೊಳ್ಳಿ. ಸಾಗಾಟ 3 ಕಳೆದರೆ 97. ಹೊರದೇಶಕ್ಕೆ ಅದೇ ಬೇರಿಂಗ್ 108ಕ್ಕೆ. ಹಡಗಿನ ಬಾಡಿಗೆ, ವಿಮೆ, ಬಂದರಿನ ಖರ್ಚು, ಏಜೆಂಟನ ಕಮಿಷನ್, ಗಿರಾಕಿಗೆ ಕೊಟ್ಟ 90 ದಿನದ ಸಾಲದ ಬಡ್ಡಿ, ಎಲ್ಲ ಸೇರಿ 20 ಹೋಯಿತು. ಉಳಿದದ್ದು 88. ನೋಡಲು 8 ಜಾಸ್ತಿಗೆ ಮಾರಿದ್ದೇವೆ, ಲೆಕ್ಕದಲ್ಲಿ 9 ಕಡಿಮೆಗೆ. 88ರ ಮೇಲೆ 9 ಅಂದರೆ ಶೇ. 10ರ ಮೇಲೆ ಮಾರ್ಜಿನ್. ಅಲ್ಲಿನ ಸರ್ಕಾರ ಹಾಕುವ ಆಂಟಿಡಂಪಿಂಗ್ ಡ್ಯೂಟಿಗೆ ಈ ಮಾರ್ಜಿನ್ನೇ ಆಧಾರ. ಅದು ಶೇ. 2ಕ್ಕಿಂತ ಕಡಿಮೆ ಬಂದಿದ್ದರೆ ತನಿಖೆಯನ್ನೇ ಕೈಬಿಡಬೇಕು ಅಂತ ಒಪ್ಪಂದದಲ್ಲಿದೆ. ನಾವಿದ್ದದ್ದು ಅದರಿಂದ ಬಹಳ ದೂರ.

ಸಮಾಧಾನಕ್ಕೆ ಒಂದು ದಾರಿ ಇತ್ತು. ಡೀಲರ್‌ಗಳಿಗೆ ನಾವು ವರ್ಷದ ಕೊನೆಗೆ ಡಿಸ್ಕೌಂಟ್ ಕೊಡುತ್ತಿದ್ದೆವು. ಅದು 6 ಅಂತಾದರೆ ಇಲ್ಲಿನ ದರ 91ಕ್ಕೆ ಇಳಿಯುತ್ತದೆ, ವ್ಯತ್ಯಾಸ 3ಕ್ಕೆ ಬರುತ್ತದೆ. ಖುಷಿಯಿಂದ ಲೆಡ್ಜರ್ ತೆಗೆದೆ. ಅಲ್ಲಿದ್ದದ್ದು ಡೀಲರ್‌ಗೊಂದು ಇಡಿಗಂಟು ಕ್ರೆಡಿಟ್ ನೋಟ್. ಯಾವ ಬಿಲ್ಲಿಗೆ, ಯಾವ ಬೇರಿಂಗ್‌ಗೆ ಎಷ್ಟು ಅಂತ ಎಲ್ಲೂ ಇಲ್ಲ. ಅದೇ ಡೀಲರ್ ನಮ್ಮಿಂದ ಬಾಲ್ ಬೇರಿಂಗ್ ಕೊಳ್ಳುತ್ತಾನೆ, ಗ್ರೀಸೂ ಕೊಳ್ಳುತ್ತಾನೆ. ತನಿಖೆ ನಡೆಯುತ್ತಿರೋದು ಟೇಪರ್ ಮೇಲೆ ಮಾತ್ರ. ಮಾರ್ಕೆಟಿಂಗ್‌ನವರನ್ನು ಕೇಳಿದರೆ, "ಅದೆಲ್ಲ ಮಾತಿನ ಮೇಲೆ ನಡೆಯೋದು ಸರ್, ಬರೆದಿಟ್ಟಿಲ್ಲ" ಅಂದರು. ಮಾರಾಟಕ್ಕೆ ಮುಂಚೆಯೇ ಸ್ಕೀಮ್ ಪತ್ರ ಕೈಯಲ್ಲಿದ್ದ ನಾಲ್ಕು ಡೀಲರ್‌ಗಳ ಡಿಸ್ಕೌಂಟ್ ಮಾತ್ರ ಒಪ್ಪಿಗೆಯಾಯಿತು. ಉಳಿದದ್ದು ನಿಜವಾಗಿ ಕೊಟ್ಟ ದುಡ್ಡೇ, ಆದರೆ ಲೆಕ್ಕಕ್ಕೆ ಬರಲಿಲ್ಲ. ಈ ಕೇಸಿನಲ್ಲಿ ನನಗೆ ಈಗಲೂ ಹೊಟ್ಟೆ ಉರಿಯೋದು ಇದೊಂದಕ್ಕೇ.

ಮುಂದಿನ ತಲೆನೋವು ಸರಕಿನ ಗುರುತು. ಸ್ಟೀಲ್ ಕಾಯಿಲ್ ಕೇಸಿನಲ್ಲಿ ಹತ್ತಿಪ್ಪತ್ತು ಬಗೆ ಇರಬಹುದೇನೋ. ನಮ್ಮಲ್ಲಿ ಟೇಪರ್ ಒಂದರಲ್ಲೇ 600ಕ್ಕೂ ಜಾಸ್ತಿ ಪಾರ್ಟ್ ನಂಬರ್. ಇಲ್ಲಿ ಮಾರಿದ್ದರ ಜೊತೆ ಅಲ್ಲಿಗೆ ಕಳಿಸಿದ್ದನ್ನು ಒಂದಕ್ಕೊಂದು ಜೋಡಿಸಬೇಕು. ನಮ್ಮ ಸಿಸ್ಟಂನಲ್ಲಿ 32008 ಅನ್ನೋ ಒಂದೇ ಬೇರಿಂಗ್‌ಗೆ ಮೂರು ಕೋಡ್. ಒಂದು ನಮ್ಮ ಬ್ರ್ಯಾಂಡಿನ ಮಾರ್ಕಿಂಗ್‌ನದು, ಇನ್ನೊಂದು ಗಿರಾಕಿಯ ಮಾರ್ಕಿಂಗ್‌ನದು, ಮತ್ತೊಂದು ಬೇರೆ ಪೆಟ್ಟಿಗೆಯದು. ಪೆಟ್ಟಿಗೆ ಬೇರೆಯಾದರೆ ಬೇರಿಂಗ್ ಬೇರೆ ಆಗೋದಿಲ್ಲ. ಪ್ಯಾಕಿಂಗ್ ಖರ್ಚನ್ನು ಬೇರೆಯಾಗಿ ಹೊಂದಿಸುತ್ತಾರೆ. ಒಳವ್ಯಾಸ, ಹೊರವ್ಯಾಸ, ಅಗಲ, ಭಾರ ಹೊರುವ ಶಕ್ತಿ, ನಿಖರತೆಯ ದರ್ಜೆ ಇವುಗಳ ಮೇಲೆ ಹೊಸ ಕೋಡ್ ಕಟ್ಟಿ 600ನ್ನು 140ಕ್ಕೆ ಇಳಿಸಿದೆವು. ಡಿಸೈನ್ ವಿಭಾಗದ ಹಿರಿಯರೊಬ್ಬರು ಡ್ರಾಯಿಂಗ್ ಹರಡಿಕೊಂಡು ಪಕ್ಕದಲ್ಲಿ ಕೂರದಿದ್ದರೆ ಈ ಕೆಲಸ ಆಗುತ್ತಲೇ ಇರಲಿಲ್ಲ. ಇದನ್ನು ಬರೀ ಅಕೌಂಟ್ಸ್‌ನವರ ಕೈಗೆ ಕೊಡೋದು ದೊಡ್ಡ ತಪ್ಪು.

ಟೇಪರ್‌ನಲ್ಲಿ ಇನ್ನೊಂದು ತೊಡಕಿದೆ. ಅದು ಎರಡು ತುಂಡಿನ ಸರಕು. ಒಳಗಿನ ರಿಂಗು, ರೋಲರ್, ಕೇಜ್ ಸೇರಿದರೆ ಕೋನ್. ಹೊರಗಿನ ರಿಂಗು ಕಪ್. ಇಲ್ಲಿ ನಾವು ಸೆಟ್ ಮಾರುತ್ತೇವೆ. ಅಲ್ಲಿನ ಕೆಲವು ಗಿರಾಕಿಗಳು ಕೋನ್ ಮಾತ್ರ ಕೊಳ್ಳುತ್ತಾರೆ. ಸೆಟ್ಟಿನ ದರವನ್ನು ಕೋನಿಗೆ ಹೋಲಿಸೋದು ಹೇಗೆ? ತಯಾರಿಕಾ ಖರ್ಚಿನ ಪಾಲು ನೋಡಿ ಸೆಟ್ಟಿನ ದರವನ್ನು ಸೀಳಿದೆವು. ಆಮೇಲೆ ಎಲ್ಲ ಪ್ರಶ್ನೆಗಳೂ ಆ ಖರ್ಚಿನ ಪಾಲಿನ ಮೇಲೆ ಬಂದು ನಿಂತವು. ಅಲ್ಲಿ ಸಿಕ್ಕಿಬಿದ್ದವನು ನಾನೇ.

ನಮ್ಮಲ್ಲಿ ಹೀಟ್ ಟ್ರೀಟ್‌ಮೆಂಟ್ ಖರ್ಚನ್ನೂ ಗ್ರೈಂಡಿಂಗ್ ಖರ್ಚನ್ನೂ ತೂಕದ ಮೇಲೆ ಹಂಚುತ್ತಿದ್ದೆವು. ಫರ್ನೇಸ್‌ಗೆ ತೂಕದ ಲೆಕ್ಕ ಸರಿ. ಕಿಲೋ ಜಾಸ್ತಿಯಾದರೆ ಕಾಯಿಸೋಕೆ ಖರ್ಚು ಜಾಸ್ತಿ. ಗ್ರೈಂಡಿಂಗ್‌ಗೆ ಅದು ಸುಳ್ಳು ಲೆಕ್ಕ. ಮೂರು ಕಿಲೋ ರಿಂಗಿಗೆ ಕಾಲು ಕಿಲೋ ರಿಂಗಿನ ಹನ್ನೆರಡು ಪಟ್ಟು ಹೊತ್ತು ಹಿಡಿಯೋದಿಲ್ಲ, ಅಲ್ವಾ? ಆದರೂ ನಮ್ಮ ಪುಸ್ತಕದಲ್ಲಿ ದೊಡ್ಡ ಬೇರಿಂಗ್ ವಿಪರೀತ ದುಬಾರಿ, ಸಣ್ಣದು ಪುಕ್ಕಟೆ. ಒಟ್ಟು ಮೊತ್ತ ಸರಿ ಬರುತ್ತಿತ್ತು, ಹಾಗಾಗಿ ಯಾರೂ ಕೇಳುತ್ತಿರಲಿಲ್ಲ.

ಡಂಪಿಂಗ್ ಕೇಸಿನಲ್ಲಿ ಅದೇ ಕುತ್ತಿಗೆಗೆ ಬಂತು. ಇಲ್ಲಿನ ಮಾರಾಟ ಖರ್ಚಿಗಿಂತ ಕಡಿಮೆಗೆ ಆಗಿದ್ದರೆ, ಅದರ ಪ್ರಮಾಣ ಶೇ. 20 ಮುಟ್ಟಿದರೆ, ಖರ್ಚೂ ಸಮಂಜಸ ಅವಧಿಯಲ್ಲಿ ವಾಪಸ್ ಬರದಿದ್ದರೆ, ಆ ಬಿಲ್ಲುಗಳನ್ನು ಹೋಲಿಕೆಯಿಂದ ಕಿತ್ತು ಹಾಕಬಹುದು. ಉಳಿಯೋದು ಜಾಸ್ತಿ ದರದ ಬಿಲ್ಲುಗಳು ಮಾತ್ರ. ಅವುಗಳ ಸರಾಸರಿ ಮೇಲೇರುತ್ತದೆ, ಮಾರ್ಜಿನ್ನೂ ಏರುತ್ತದೆ. ನಮ್ಮ ದೊಡ್ಡ ಬೇರಿಂಗ್‌ಗಳಲ್ಲಿ ಬಹುಪಾಲು ಹೀಗೆ ಹಾರಿಹೋಗುವ ಹಾಗಿತ್ತು. ಲಾಭಕ್ಕೆ ಮಾರಿದ ಮಾಲನ್ನು ನಮ್ಮದೇ ಪುಸ್ತಕ ನಷ್ಟದ ಮಾಲು ಅಂತ ತೋರಿಸುತ್ತಿತ್ತು.

ಹಾಗಾದರೆ ಮೆಷಿನ್ ಗಂಟೆಯ ಮೇಲೆ ಹಂಚಿದರಾಯಿತು ಅನ್ನಬಹುದು. ಒಪ್ಪಂದದಲ್ಲಿ ಅದಕ್ಕೊಂದು ಕೊಕ್ಕೆ ಇದೆ. ಖರ್ಚು ಹಂಚುವ ಕ್ರಮವನ್ನು ನೀವು ಮೊದಲಿನಿಂದ ಬಳಸಿಕೊಂಡು ಬಂದಿರಬೇಕು. ಕೇಸಿಗೋಸ್ಕರ ನಿನ್ನೆ ಕಂಡುಹಿಡಿದದ್ದನ್ನು ಅನುಮಾನದಿಂದಲೇ ನೋಡುತ್ತಾರೆ. ನಮ್ಮನ್ನು ಉಳಿಸಿದ್ದು ಗ್ರೈಂಡಿಂಗ್ ಶಾಪಿನ ಸೂಪರ್‌ವೈಸರ್. ಕೆಲಸಗಾರರ ಇನ್ಸೆಂಟಿವ್ ಲೆಕ್ಕಕ್ಕೆ ಪ್ರತಿ ರಿಂಗಿಗೆ ಎಷ್ಟು ಸೆಕೆಂಡ್ ಅಂತ ಅವರು ಹನ್ನೊಂದು ವರ್ಷದಿಂದ ರಿಜಿಸ್ಟರ್ ಇಟ್ಟಿದ್ದರು. ಸಂಬಳವೂ ಅದರ ಮೇಲೇ ಹೋಗಿತ್ತು. "ಇದು ನಿಮಗೆ ಯಾತಕ್ಕೆ ಬಂತು ಸರ್?" ಅಂತ ಎಣ್ಣೆ ಮೆತ್ತಿದ ಪುಸ್ತಕಗಳ ಗಂಟು ತಂದಿಟ್ಟರು. ಗ್ರೈಂಡಿಂಗ್ ಖರ್ಚನ್ನು ಅದರ ಮೇಲೆ ಹಂಚಿ, ಹಳೆಯ ಕ್ರಮ ಮತ್ತು ಹೊಸ ಕ್ರಮ ಎರಡನ್ನೂ ಪಕ್ಕಪಕ್ಕ ಇಟ್ಟು ಕೊಟ್ಟೆವು. ಹಳೆಯದನ್ನು ಮುಚ್ಚಿಡಲಿಲ್ಲ. ಮುಚ್ಚಿಟ್ಟಿದ್ದರೆ ಮುಗಿದೇಹೋಗುತ್ತಿತ್ತು.

ಪರಿಶೀಲನೆಗೆ ಅಧಿಕಾರಿಗಳು ಐದು ದಿನ ಬಂದಿದ್ದರು. ಬೆಳಿಗ್ಗೆ ಬಂದು ಹತ್ತು ಬಿಲ್ ನಂಬರ್ ಕೊಡೋರು. ಆರ್ಡರ್, ಗೇಟ್ ಪಾಸ್, ಶಿಪ್ಪಿಂಗ್ ಕಾಗದ, ಬ್ಯಾಂಕಿಗೆ ಬಂದ ದುಡ್ಡು, ಎಲ್ಲವನ್ನೂ ಲೆಡ್ಜರ್‌ವರೆಗೆ ಎಳೆದು ತೋರಿಸಬೇಕು. ಆ ರಿಜಿಸ್ಟರ್ ಕೇಳಿ ಪುಟ ಪುಟ ತಿರುವಿದರು. ಎಣ್ಣೆಯ ಕಲೆಯೇ ಸಾಕ್ಷಿ ಹೇಳಿತೇನೋ, ನನಗಂತೂ ಹಾಗನ್ನಿಸಿತು. ಆದರೆ ಸ್ಕ್ರ್ಯಾಪಿನಲ್ಲಿ ಎಡವಿದೆವು. ಟರ್ನಿಂಗ್‌ನಲ್ಲಿ (ಲೇತ್‌ನಲ್ಲಿ ಕಡೆಯುವಾಗ) ಬರುವ ಚೂರು ಮಾರಿದ ದುಡ್ಡನ್ನು ಖರ್ಚಿನಿಂದ ಕಳೆದಿದ್ದೆವು. ಹೀಟ್ ಟ್ರೀಟ್‌ಮೆಂಟ್ ಆದ ಮೇಲೆ ರಿಜೆಕ್ಟ್ ಆದ ರಿಂಗುಗಳನ್ನು ಮಾರಿದ್ದು "ಇತರೆ ಆದಾಯ" ಖಾತೆಯಲ್ಲಿ ಕೂತಿತ್ತು, ಅದನ್ನು ಕಳೆಯೋದೇ ಮರೆತಿದ್ದೆ. ಅಲ್ಲೇ ತೋರಿಸಿದೆ. "ಕೊಟ್ಟ ಉತ್ತರವನ್ನು ತಾಳೆ ನೋಡೋಕೆ ಬಂದಿದ್ದೇವೆ, ಹೊಸ ಉತ್ತರ ತಗೊಳ್ಳೋಕಲ್ಲ" ಅಂದರು. ಅವರ ಮಾತಲ್ಲಿ ತಪ್ಪೇನಿರಲಿಲ್ಲ.

ಮಧ್ಯದಲ್ಲಿ ಗಿರಾಕಿಯೊಬ್ಬರು ಒಂದು ಉಪಾಯ ಹೇಳಿದರು. ರಿಂಗುಗಳನ್ನು ಟರ್ನಿಂಗ್ ಮಾಡಿ ಹಸಿಯಾಗಿಯೇ ಮೂರನೇ ದೇಶಕ್ಕೆ ಕಳಿಸಿ, ಅಲ್ಲಿ ಗ್ರೈಂಡ್ ಮಾಡಿ ಜೋಡಿಸಿ, ಆ ದೇಶದ ಮಾಲು ಅಂತ ತರಿಸೋಣ ಅಂತ. ಎಚ್‌ಎಸ್ ಕೋಡ್, ಅಂದರೆ ಸುಂಕಕ್ಕಾಗಿ ಸರಕನ್ನು ಗುರುತಿಸುವ ಸಂಖ್ಯೆ, ಬದಲಾಗುತ್ತದೆ ಅನ್ನೋದು ಅವರ ನಂಬಿಕೆ. ಟೇಪರ್ ಬೇರಿಂಗ್ 8482.20, ಬಿಡಿಭಾಗ 8482.99, ಹೌಸಿಂಗ್ (ಬೇರಿಂಗ್ ಕೂರುವ ಕವಚ) ಜೊತೆ ಬಂದರೆ 8483.20. ಸಾಮಾನ್ಯ ಸುಂಕಕ್ಕೆ ಕೋಡ್ ಮುಖ್ಯ. ಆಂಟಿಡಂಪಿಂಗ್‌ಗೆ ಆದೇಶದಲ್ಲಿ ಬರೆದ ವಿವರಣೆಯನ್ನೇ ಮೊದಲು ನೋಡಬೇಕು. ಚೀನಾದ ಟೇಪರ್ ಬೇರಿಂಗ್ ಮೇಲೆ ಅಮೆರಿಕ 1987ರಲ್ಲಿ ಹೊರಡಿಸಿದ ಆದೇಶವನ್ನು ಓದಿ. ಪೂರ್ತಿಯಾದದ್ದು, ಪೂರ್ತಿಯಾಗದ್ದು, ಬಿಡಿಭಾಗ, ಟೇಪರ್ ರೋಲರ್ ಇರುವ ಹೌಸಿಂಗ್, ಎಲ್ಲ ಅದರೊಳಗೆ. ಪಿಲ್ಲೋ ಬ್ಲಾಕ್ ಅನ್ನೋ ಒಂದು ಬಗೆಯ ಹೌಸಿಂಗ್ ಮಾತ್ರ ಹೊರಗೆ. ಪ್ರತ್ಯೇಕ ದರ ಗಳಿಸದ ಚೀನೀ ಕಂಪನಿಗಳಿಗೆ ಅಲ್ಲಿ ಶೇ. 92.84 ಬೀಳುತ್ತಿತ್ತು. ಮೂರು ದಶಕ ದಾಟಿದರೂ ಆ ಆದೇಶ ಇಳಿಯಲಿಲ್ಲ. 2018ರಲ್ಲಿ ಚೀನಾ ಮಾಲಿನ ಮೇಲೆ ಅಮೆರಿಕ ಹಾಕಿದ ಶೇ. 25ರ ಹೆಚ್ಚುವರಿ ಸುಂಕ ಬಂದಾಗ ಅದು ಇದರ ಮೇಲೆಯೇ ಕೂತಿತು, ಇದರ ಬದಲಿಗಲ್ಲ. ನಾವು ಉಪಾಯ ಬೇಡ ಅಂದೆವು.

ಇನ್ನೊಬ್ಬ ಗಿರಾಕಿ, "ಡ್ಯೂಟಿ ಬಿದ್ದರೆ ನೀವೇ ಕಟ್ಟಿಕೊಡಿ, ನಾವು ಆರ್ಡರ್ ಮುಂದುವರಿಸ್ತೀವಿ" ಅಂದರು. ಕೇಳೋಕೆ ಸುಲಭ. ಅಮೆರಿಕದ ನಿಯಮದಲ್ಲಿ ರಫ್ತುದಾರ ಹಾಗೆ ಆಮದುದಾರನಿಗೆ ಡ್ಯೂಟಿ ತುಂಬಿಕೊಟ್ಟರೆ ಆ ಮೊತ್ತವನ್ನು ರಫ್ತು ದರದಿಂದ ಮತ್ತೆ ಕಳೆಯುತ್ತಾರೆ, ಹೊರೆ ದುಪ್ಪಟ್ಟಾಗುತ್ತದೆ. ನಮ್ಮ ಗಿರಾಕಿಯ ದೇಶದ ವಕೀಲರೂ ಬೇಡವೇ ಬೇಡ ಅಂದರು. ಇಷ್ಟಕ್ಕಿಂತ ಕಡಿಮೆಗೆ ಮಾರೋದಿಲ್ಲ ಅಂತ ಕನಿಷ್ಠ ದರಕ್ಕೆ ಒಪ್ಪಿಕೊಂಡು ಡ್ಯೂಟಿ ತಪ್ಪಿಸಿಕೊಳ್ಳುವ ದಾರಿಯೂ ಇದೆ. ಬೇರಿಂಗ್‌ನವರಿಗೆ ಅದು ಹಳೆಯ ಪರಿಚಯ. 1977ರಲ್ಲಿ ಯುರೋಪ್ ಜಪಾನಿನ ಬಾಲ್ ಬೇರಿಂಗ್‌ಗಳ ವಿಷಯದಲ್ಲಿ ಕಂಪನಿಗಳಿಂದ ದರದ ಭರವಸೆಯನ್ನೂ ತಗೊಂಡಿತು, ಅದುವರೆಗಿನ ತಾತ್ಕಾಲಿಕ ಡ್ಯೂಟಿಯನ್ನೂ ವಸೂಲಿಗೆ ಹಾಕಿತು. ಎರಡೂ ಒಟ್ಟಿಗೆ ಆಗದು ಅಂತ ಯುರೋಪಿನ ನ್ಯಾಯಾಲಯ 1979ರಲ್ಲಿ ಆ ನಿಯಮವನ್ನೇ ರದ್ದು ಮಾಡಿತು. ನಮಗೆ ಆ ದಾರಿ ಹಿಡಿಸಲಿಲ್ಲ. 140 ಕೋಡಿಗೂ ಒಂದೊಂದು ಕನಿಷ್ಠ ದರ ಇಟ್ಟುಕೊಂಡು ಸ್ಟೀಲಿನ ಬೆಲೆ ಏರಿಳಿಯುವಾಗ ಕಾಯೋದು ಯಾರು?

ಮಾರ್ಜಿನ್ ಲೆಕ್ಕದ ಹಾಳೆ ಕೈಗೆ ಬಂದಾಗ ನಾನು ಮೊದಲು ನೋಡಿದ್ದು ಮೈನಸ್ ಸಾಲುಗಳನ್ನು. ಕೆಲವು ಬೇರಿಂಗ್‌ಗಳನ್ನು ನಾವು ಅಲ್ಲಿ ಇಲ್ಲಿಗಿಂತ ಜಾಸ್ತಿಗೇ ಮಾರಿದ್ದೆವು. ಒಂದರಲ್ಲಿ 10 ಕಡಿಮೆ, ಇನ್ನೊಂದರಲ್ಲಿ 10 ಜಾಸ್ತಿ ಅಂದರೆ ಒಟ್ಟು ಸೊನ್ನೆ ಆಗಬೇಕು. ಆ ಜಾಸ್ತಿಯನ್ನು ಸೊನ್ನೆ ಮಾಡಿ ಕೂಡಿದರೆ 10 ಉಳಿಯುತ್ತದೆ. ಇದನ್ನೇ ಝೀರೋಯಿಂಗ್ ಅನ್ನೋದು. ಅಮೆರಿಕ ವರ್ಷಗಟ್ಟಲೆ ಹೀಗೇ ಮಾಡುತ್ತಿತ್ತು. ಯುರೋಪ್ ಮತ್ತು ಜಪಾನ್ ವಿಶ್ವ ವ್ಯಾಪಾರ ಸಂಸ್ಥೆಗೆ ಒಯ್ದ ಆ ಜಗಳಗಳಲ್ಲಿ ಬೇರಿಂಗ್ ಕೇಸುಗಳೂ ಇದ್ದವು. 2006 ಮತ್ತು 2007ರ ಮೇಲ್ಮನವಿ ತೀರ್ಪುಗಳು ಅಮೆರಿಕದ ವಿರುದ್ಧ ಬಂದವು. ವಾರ್ಷಿಕ ಪರಿಶೀಲನೆಗಳಲ್ಲಿ ಅದನ್ನು ಬಿಡುವ ನಿಯಮ ಬಂದದ್ದು 2012ರಲ್ಲಿ. ಅದಕ್ಕೂ ಮುಂಚೆ ಅಮೆರಿಕದಲ್ಲಿ 2000ದ ಬರ್ಡ್ ತಿದ್ದುಪಡಿ ಅಂತ ಒಂದಿತ್ತು. ವಸೂಲಾದ ಡ್ಯೂಟಿಯನ್ನು ದೂರು ಕೊಟ್ಟ ಕಂಪನಿಗಳಿಗೇ ಹಂಚುವ ಕಾನೂನು. ಹಾಗೆ ಪಡೆದವರಲ್ಲಿ ಬೇರಿಂಗ್ ಕಂಪನಿ ಟಿಮ್ಕೆನ್ ಮುಂಚೂಣಿಯಲ್ಲಿತ್ತು. 2003ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಅದೂ ತಪ್ಪು ಅಂತ ತೀರ್ಪಾಯಿತು, 2006ರಲ್ಲಿ ಕಾನೂನು ರದ್ದಾಯಿತು. ದೂರು ಕೊಟ್ಟವರಿಗೆ ಪೈಪೋಟಿದಾರನಿಂದ ರಕ್ಷಣೆಯೂ ಸಿಕ್ಕಿ ಅವನ ದುಡ್ಡೂ ಸಿಕ್ಕರೆ ಯಾರು ದೂರು ಕೊಡದೆ ಇರ್ತಾರೆ?

ನಮ್ಮ ಹಾಳೆಯಲ್ಲಿ ಮೈನಸ್ ಸಾಲುಗಳನ್ನು ಸೊನ್ನೆ ಮಾಡಿರಲಿಲ್ಲ. ಮೆಷಿನ್ ಗಂಟೆಯ ಲೆಕ್ಕವನ್ನು ಗ್ರೈಂಡಿಂಗ್ ಮಟ್ಟಿಗೆ ಒಪ್ಪಿದ್ದರು, ಹೀಟ್ ಟ್ರೀಟ್‌ಮೆಂಟ್‌ಗೆ ತೂಕವನ್ನೇ ಉಳಿಸಿದ್ದರು. ಕೊನೆಗೆ ಒಂದಂಕಿಯ ದರ ಬಂತು, ಐದು ವರ್ಷಕ್ಕೆ. ಉತ್ತರವನ್ನೇ ಕೊಡದ ಕಂಪನಿಗಳಿಗೆ ಕೈಗೆ ಸಿಕ್ಕ ಮಾಹಿತಿ ಮೇಲೆ ನಮ್ಮ ಹಲವು ಪಟ್ಟು ಬಿತ್ತು. ನಮ್ಮ ಆರ್ಡರ್ ಸ್ವಲ್ಪ ಇಳಿಯಿತು, ನಿಲ್ಲಲಿಲ್ಲ.

ಐದು ವರ್ಷ ಆದ ಮೇಲೆ ಡ್ಯೂಟಿ ತಾನಾಗಿ ಬಿದ್ದುಹೋಗಬೇಕು, ಮುಂದುವರಿಸಬೇಕಾದರೆ ಮತ್ತೆ ಪರಿಶೀಲನೆ ಆಗಬೇಕು. ಹಾಗಾಗಿ ಈಗಿಂದಲೇ ತಯಾರಿ. ಪಾರ್ಟ್ ನಂಬರ್ ಪಕ್ಕದಲ್ಲೇ ಆ 140ರ ಕೋಡ್ ಕೂತಿದೆ. ರಿಜೆಕ್ಟ್ ರಿಂಗಿನ ದುಡ್ಡು ಸ್ಕ್ರ್ಯಾಪ್ ಖಾತೆಗೇ ಹೋಗುತ್ತದೆ. ಗ್ರೈಂಡಿಂಗ್ ರಿಜಿಸ್ಟರ್ ಕಂಪ್ಯೂಟರಿಗೆ ಬಂದಿದೆ, ಆದರೂ ಸೂಪರ್‌ವೈಸರ್ ಪುಸ್ತಕದಲ್ಲೂ ಬರೆಯುತ್ತಾರೆ, ನಾನು ಬೇಡ ಅಂದಿಲ್ಲ. ಮೊನ್ನೆ ಮಾರ್ಕೆಟಿಂಗ್‌ನ ಹೊಸ ಹುಡುಗ ವರ್ಷದ ಕೊನೆಯ ಡಿಸ್ಕೌಂಟ್‌ಗೆ ಸಹಿ ಹಾಕಿಸಿಕೊಳ್ಳೋಕೆ ಬಂದಿದ್ದ. ಡೀಲರ್ ಹೆಸರು, ಕೆಳಗೆ ಒಂದೇ ಮೊತ್ತ.

"ಯಾವ್ಯಾವ ಬಿಲ್ಲಿಗಪ್ಪ ಇದು?" ಅಂದೆ.

"ಎಲ್ಲದಕ್ಕೂ ಸೇರಿ ಸರ್."

ಕಾಗದ ವಾಪಸ್ ಕೊಟ್ಟು, ಸಾಲು ಸಾಲಾಗಿ ಬರೆದುಕೊಂಡು ಬಾ ಅಂದೆ. ಮುಖ ಗಂಟಿಕ್ಕಿಕೊಂಡು ಹೋದ. ಸಂಜೆಯೊಳಗೆ 212 ಸಾಲಿನ ಪಟ್ಟಿ ತಂದಿಟ್ಟ.