ಟ್ರೇಲರ್‌ಗೆ ಇನ್ವರ್ಟರ್: ಕೇಬಲ್ ಸರಿಯಿದ್ದರೆ ಎಲ್ಲ ಸರಿ

ಕರೆಂಟಿನ ಕಂಬವೇ ಕಾಣದ ಜಾಗದಲ್ಲಿ, ವಾಹನದ ಹಿಂದೆ ಎಳೆದೊಯ್ಯುವ ಪುಟ್ಟ ಮನೆಯಂಥ ಟ್ರೇಲರ್ ನಿಲ್ಲಿಸಿ ನಾಲ್ಕು ದಿನ ಕಳೆಯಬೇಕೆಂದರೆ, ಬ್ಯಾಟರಿಯ 12 ವೋಲ್ಟ್ ಡಿಸಿಯನ್ನು ಮನೆಯಲ್ಲಿ ಬರುವಂಥ ಎಸಿ ಮಾಡಿಕೊಡುವ ಇನ್ವರ್ಟರ್ ಬೇಕಾಗುತ್ತದೆ. ಯಾವ ಇನ್ವರ್ಟರ್ ಕೊಳ್ಳಲಿ ಎಂದು ತಿಂಗಳುಗಟ್ಟಲೆ ಯೋಚಿಸುವವರೂ ಬ್ಯಾಟರಿಯಿಂದ ಅದಕ್ಕೆ ಎಳೆಯುವ ಎರಡು ಮೀಟರ್ ಕೇಬಲ್ಲನ್ನು ಕೊನೆಗಳಿಗೆಯಲ್ಲಿ ಕೈಗೆ ಸಿಕ್ಕಿದ್ದು ತಂದು ಹಾಕುತ್ತಾರೆ. ಇಡೀ ಟ್ರೇಲರ್‌ನಲ್ಲಿ ಅತಿ ಹೆಚ್ಚು ಕರೆಂಟು ಹರಿಯುವುದು ಆ ಎರಡು ಮೀಟರ್‌ನಲ್ಲೇ.

ಮೊದಲು ಒಂದು ಹಾಳೆ ತೆಗೆದುಕೊಂಡು ಏನೇನು ಓಡಿಸಬೇಕೋ ಬರೆಯಿರಿ. ಲ್ಯಾಪ್‌ಟಾಪ್‌ಗೆ 60 ವಾಟ್ ಸಾಕಾದೀತು. ನೀರು ಕಾಯಿಸುವ ಕೆಟಲ್ 1,500 ವಾಟ್ ಕೇಳುತ್ತದೆ. ಐದು ನಿಮಿಷ ಓಡಿದರೆ ಕೆಟಲ್ ತಿನ್ನುವುದು 125 ವಾಟ್-ಅವರ್ ಅಷ್ಟೇ, ಆದರೆ ಆ ಐದು ನಿಮಿಷ ಬ್ಯಾಟರಿಯಿಂದ ಸುಮಾರು 140 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್-ಅವರ್‌ನ ಒಂದೇ ಲೆಡ್ ಆ್ಯಸಿಡ್ ಬ್ಯಾಟರಿಗೆ ಇದು ಮೀರಿದ ಭಾರ. ಆ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಎಂದು ಲೆಕ್ಕ ಹಿಡಿದರೆ ಕೈಗೆ ಸಿಗುವುದು 600 ವಾಟ್-ಅವರ್. ಅಷ್ಟೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಿಂದ 1,000ದಷ್ಟು ತೆಗೆಯಬಹುದು. ಮೋಟಾರ್ ಇರುವ ಫ್ರಿಜ್‌ನಂಥವು ಶುರುವಾಗುವ ಕ್ಷಣದಲ್ಲಿ ಹಲವು ಪಟ್ಟು ಹೆಚ್ಚು ಎಳೆಯುತ್ತವೆ ಎಂಬುದನ್ನೂ ಬರೆದುಕೊಳ್ಳಿ. ಮೊದಲ ಸಲ ಹಾಕಿಸುವವರಿಗೆ ನನ್ನ ಸಲಹೆ 1,000 ವಾಟ್‌ನ ಪ್ಯೂರ್ ಸೈನ್ ವೇವ್ ಇನ್ವರ್ಟರ್, ಅಂದರೆ ಮನೆಯ ಕರೆಂಟಿನಂತೆಯೇ ನಯವಾದ ಅಲೆಯ ಎಸಿ ಕೊಡುವಂಥದ್ದು. ನೀರನ್ನು ಗ್ಯಾಸ್ ಒಲೆಯ ಮೇಲೇ ಕಾಯಿಸಿಕೊಳ್ಳಿ.

ಇನ್ವರ್ಟರ್ ಬ್ಯಾಟರಿಯ ಹತ್ತಿರ ಇರಬೇಕು, ಆದರೆ ನೀರು ತುಂಬುವ ಲೆಡ್ ಆ್ಯಸಿಡ್ ಬ್ಯಾಟರಿ ಇಟ್ಟ ಡಬ್ಬಿಯೊಳಗೇ ಬೇಡ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಹೊರಬರುತ್ತದೆ, ಒಂದು ಕಿಡಿ ಬಿದ್ದರೆ ಅನಾಹುತ. ಫ್ಯಾನಿಗೆ ಗಾಳಿಯಾಡಲು ಸುತ್ತ ಜಾಗ ಬಿಟ್ಟು, ಗಟ್ಟಿ ಹಲಗೆಗೆ ಸ್ಕ್ರೂ ಹಾಕಿ ಬಿಗಿಯಿರಿ.

ಇನ್ನು ಕೇಬಲ್. 1,000 ವಾಟ್ ಲೋಡ್‌ಗೆ, ಇನ್ವರ್ಟರ್‌ನಲ್ಲಿ ಆಗುವ ನಷ್ಟವೂ ಸೇರಿ, 12 ವೋಲ್ಟ್‌ನಲ್ಲಿ ಸುಮಾರು 95 ಆಂಪಿಯರ್ ಹರಿಯುತ್ತದೆ. ಹೋಗುವುದಕ್ಕೆ ಎರಡು ಮೀಟರ್, ಬರುವುದಕ್ಕೆ ಎರಡು ಮೀಟರ್, ಒಟ್ಟು ನಾಲ್ಕು. ಇದಕ್ಕೆ 16 ಚದರ ಮಿ.ಮೀ. ತಾಮ್ರದ ಕೇಬಲ್ ಹಾಕಿದರೆ ದಾರಿಯಲ್ಲೇ 0.4 ವೋಲ್ಟ್ ಕಳೆದುಹೋಗುತ್ತದೆ. ಅಂದರೆ 40 ವಾಟ್, ಒಂದು ಸೋಲ್ಡರಿಂಗ್ ಐರನ್‌ನಷ್ಟು ಬಿಸಿ ನಿಮ್ಮ ಗೋಡೆಯ ಸಂದಿಯಲ್ಲಿ. 35 ಚದರ ಮಿ.ಮೀ. ಹಾಕಿದರೆ ನಷ್ಟ 0.2 ವೋಲ್ಟ್‌ಗೂ ಕಡಿಮೆ. 2,000 ವಾಟ್‌ನ ಇನ್ವರ್ಟರ್ ಆದರೆ 70ಕ್ಕೆ ಹೋಗಿ. ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ, ಅಂಗಡಿಯವರಿಗೇ ವಾಪಸ್ ಕೊಡಿ.

ಕೇಬಲ್‌ನ ತುದಿಗೆ ಹಾಕುವ ತೂತಿರುವ ಲೋಹದ ತುಂಡುಗಳಾದ ಲಗ್‌ಗಳನ್ನು ಸುತ್ತಿಗೆಯಿಂದ ಬಡಿದು ಕೂರಿಸಬೇಡಿ, ಕ್ರಿಂಪಿಂಗ್ ಟೂಲ್‌ನಿಂದಲೇ ಒತ್ತಿಸಿ. ಆಮೇಲೆ ಜೋರಾಗಿ ಎಳೆದು ನೋಡಿ. ಟರ್ಮಿನಲ್ ಮೇಲೆ ಮೊದಲು ಕೂರಬೇಕಾದ್ದು ಲಗ್, ಅದರ ಮೇಲೆ ವಾಷರ್, ಸ್ಪ್ರಿಂಗ್ ವಾಷರ್, ಕೊನೆಗೆ ನಟ್. ನಾನು ಒಮ್ಮೆ ಉಕ್ಕಿನ ವಾಷರನ್ನು ಲಗ್‌ನ ಅಡಿಗೆ ಹಾಕಿಬಿಟ್ಟಿದ್ದೆ. ನಟ್ ಬಿಗಿಯಾಗಿತ್ತು, ಎಲ್ಲ ಓಡುತ್ತಿತ್ತು. ಎರಡನೆಯ ರಾತ್ರಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದು ಡಬ್ಬಿ ತೆರೆದರೆ, ಲಗ್‌ನ ಕುತ್ತಿಗೆಗೆ ಹಾಕಿದ್ದ ಕೆಂಪು ಪ್ಲಾಸ್ಟಿಕ್ ಹೊದಿಕೆ ಕಂದು ಬಣ್ಣಕ್ಕೆ ತಿರುಗಿ ಸುಕ್ಕುಗಟ್ಟಿತ್ತು. ತಾಮ್ರಕ್ಕೆ ಹೋಲಿಸಿದರೆ ಉಕ್ಕು ಕರೆಂಟನ್ನು ಬಹಳ ಕಷ್ಟದಿಂದ ಸಾಗಿಸುತ್ತದೆ. ಅಷ್ಟು ತೆಳು ಬಿಲ್ಲೆ ಸಾಕಾಯಿತು.

ಪಾಸಿಟಿವ್ ಕೇಬಲ್‌ನಲ್ಲಿ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು. ಅದು ಕಾಯುವುದು ಕೇಬಲ್ಲನ್ನು. ಇನ್ವರ್ಟರ್ ಪಕ್ಕದಲ್ಲಿಟ್ಟರೆ, ನಡುವೆ ಕೇಬಲ್ ಉಜ್ಜಿ ಟ್ರೇಲರ್‌ನ ಚಾಸಿಗೆ (ಅಡಿಯ ಲೋಹದ ಚೌಕಟ್ಟಿಗೆ) ತಗುಲಿದಾಗ ಕೆಲಸಕ್ಕೆ ಬರುವುದಿಲ್ಲ. 1,000 ವಾಟ್‌ಗೆ 125 ಆಂಪಿಯರ್‌ನದು ಹೊಂದುತ್ತದೆ. ಲಿಥಿಯಂ ಬ್ಯಾಟರಿಯಾದರೆ ಕ್ಲಾಸ್ ಟಿ ಫ್ಯೂಸನ್ನೇ ಹಾಕಿ. ಶಾರ್ಟ್ ಆದಾಗ ಆ ಬ್ಯಾಟರಿ ಸಾವಿರಾರು ಆಂಪಿಯರ್ ಕಕ್ಕಬಲ್ಲದು, ಸಾಧಾರಣ ಫ್ಯೂಸ್ ಅದನ್ನು ಕಡಿಯಲಾರದೆ ಸೋಲಬಹುದು.

ಜೋಡಿಸುವ ಮುನ್ನ ಉಂಗುರ, ಗಡಿಯಾರ ತೆಗೆದಿಡಿ. ಹೊರಗಿನ ಕರೆಂಟು, ಚಾರ್ಜರ್, ಸೋಲಾರ್ ಎಲ್ಲ ಆಫ್ ಇರಲಿ. ಇನ್ವರ್ಟರ್‌ನ ಮೈಯಿಂದ ಚಾಸಿಗೆ ಅರ್ಥಿಂಗ್, ಆಮೇಲೆ ನೆಗೆಟಿವ್, ಕೊನೆಗೆ ಪಾಸಿಟಿವ್. ಕೊನೆಯ ಆ ಜೋಡಣೆಯಲ್ಲಿ ಚಟ್ಟನೆ ಕಿಡಿ ಹಾರಬಹುದು. ಒಳಗೆ ವಿದ್ಯುತ್ ಹಿಡಿದಿಡುವ ಕೆಪ್ಯಾಸಿಟರ್‌ಗಳು ಒಮ್ಮೆಲೇ ತುಂಬಿಕೊಳ್ಳುವುದರಿಂದ ಹೀಗಾಗುತ್ತದೆ. ಪ್ಲಸ್-ಮೈನಸ್ ಅದಲುಬದಲಾದರೆ ಇನ್ವರ್ಟರ್ ಕ್ಷಣದಲ್ಲಿ ಸುಟ್ಟುಹೋಗಬಹುದು, ಮಲ್ಟಿಮೀಟರ್ ಹಿಡಿದು ಎರಡು ಸಲ ನೋಡಿ.

ಎಸಿ ಕಡೆ ಸರಳವಾಗಿಡಿ: ಇನ್ವರ್ಟರ್‌ನಿಂದ ಬೇರೆಯದೇ ಒಂದೆರಡು ಸಾಕೆಟ್ ಕೊಡಿ. ಟ್ರೇಲರ್‌ನ ಎಲ್ಲ ಸಾಕೆಟ್‌ಗೂ ಬೇಕೆಂದರೆ ಒಂದು ಸಲಕ್ಕೆ ಹೊರಗಿನ ಕರೆಂಟು ಇಲ್ಲವೇ ಇನ್ವರ್ಟರ್ ಎರಡರಲ್ಲೊಂದನ್ನೇ ಜೋಡಿಸುವ ಟ್ರಾನ್ಸ್‌ಫರ್ ಸ್ವಿಚ್ ಬೇಕು, ಅದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ. ಹೊರಗಿನ ಕರೆಂಟೂ ಇನ್ವರ್ಟರ್ ಕರೆಂಟೂ ಒಂದೇ ತಂತಿಯಲ್ಲಿ ಎಂದೂ ಕೂಡಬಾರದು. ಬ್ಯಾಟರಿ ಚಾರ್ಜರ್ ಇರುವ ಲೈನು ಇನ್ವರ್ಟರ್‌ಗೆ ಸೇರದಂತೆಯೂ ನೋಡಿಕೊಳ್ಳಿ. ಸೇರಿದರೆ ಬ್ಯಾಟರಿ ತನ್ನನ್ನು ತಾನೇ ಚಾರ್ಜ್ ಮಾಡಹೋಗಿ ಬರಿದಾಗುತ್ತದೆ.

ಈಗ ಪರೀಕ್ಷೆ. ದೊಡ್ಡ ಲೋಡ್ ಹಾಕಿ ಹತ್ತು ನಿಮಿಷ ಓಡಿಸಿ. ಲೋಡ್ ಇರುವಾಗಲೇ ಬ್ಯಾಟರಿ ಟರ್ಮಿನಲ್‌ನಲ್ಲಿ ಒಮ್ಮೆ, ಇನ್ವರ್ಟರ್ ಟರ್ಮಿನಲ್‌ನಲ್ಲಿ ಒಮ್ಮೆ ವೋಲ್ಟೇಜ್ ಅಳೆಯಿರಿ. ಅಂತರ 0.3 ವೋಲ್ಟ್‌ಗಿಂತ ಹೆಚ್ಚಿದ್ದರೆ ಎಲ್ಲೋ ಜೋಡಣೆ ಸಡಿಲ. ಆಮೇಲೆ ಆಫ್ ಮಾಡಿ, ಲಗ್‌ಗಳ ಹತ್ತಿರ ಕೇಬಲ್‌ಗೆ ಮುಂಗೈ ತಾಗಿಸಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಬಿಚ್ಚಿ ಮತ್ತೆ ಮಾಡಿ.

ಏನೂ ಓಡದಿದ್ದಾಗಲೂ ಇನ್ವರ್ಟರ್ ತಾನೇ ಕರೆಂಟು ತಿನ್ನುತ್ತದೆ. 20 ವಾಟ್ ಎಂದರೂ ದಿನಕ್ಕೆ 480 ವಾಟ್-ಅವರ್, ಆ ಲೆಡ್ ಆ್ಯಸಿಡ್ ಬ್ಯಾಟರಿಯಲ್ಲಿ ಕೈಗೆ ಸಿಗುವುದರಲ್ಲಿ ಹೆಚ್ಚುಪಾಲು. ಹಾಗಾಗಿ ರಿಮೋಟ್ ಸ್ವಿಚ್ಚನ್ನು ಮಲಗುವ ಜಾಗದ ಪಕ್ಕ ಹಾಕಿಸಿ, ದೀಪ ಆರಿಸುವಾಗ ಅದನ್ನೂ ಆರಿಸಿ. ಮೊದಲ ಪ್ರಯಾಣದಿಂದ ಬಂದ ಮಾರನೆಯ ದಿನ ಸ್ಪ್ಯಾನರ್ ತೆಗೆದುಕೊಂಡು ಪ್ರತಿ ನಟ್ಟನ್ನೂ ಮತ್ತೆ ನೋಡಿ. ರಸ್ತೆಯ ಕುಲುಕಾಟಕ್ಕೆ ಒಂದೆರಡಾದರೂ ಕಾಲು ಸುತ್ತು ಸಡಿಲಾಗಿರಬಹುದು.