ಸ್ವಂತ ಗಾಡಿಯ ಖರ್ಚು, ಆದಾಯ ತೆರಿಗೆಯ ಲೆಕ್ಕ

ತುಮಕೂರಿನ ವಸಂತನರಸಾಪುರದ ಕಾರ್ಖಾನೆಗಳಿಗೆ ದಿನವೂ ಸ್ವಂತ ಬೈಕಿನಲ್ಲಿ ಹೋಗಿಬರುವವರಿಗೆ ಮೊದಲೇ ಹೇಳಿಬಿಡುತ್ತೇವೆ: ಮನೆಯಿಂದ ಕೆಲಸಕ್ಕೆ ಹೋಗುವ ಪೆಟ್ರೋಲ್ ಖರ್ಚಿಗೆ ಪ್ರತ್ಯೇಕ ತೆರಿಗೆ ಕಡಿತವಿಲ್ಲ. ಸಂಬಳದಾರರಿಗೆ ಇರುವುದು ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಖರ್ಚಿನ ಬಿಲ್ ಕೇಳದೆ ಸಂಬಳದಿಂದ ಕಳೆಯುವ ನಿಗದಿತ ಮೊತ್ತ. ಹೊಸ ತೆರಿಗೆ ಪದ್ಧತಿಯಲ್ಲಿ 75,000, ಹಳೆಯದರಲ್ಲಿ 50,000 ರೂಪಾಯಿ. ಕಂಪನಿಯ ಕೆಲಸಕ್ಕೆಂದೇ ಗಾಡಿ ಓಡಿಸಿದ್ದರೆ ಆ ಖರ್ಚನ್ನು ಕಂಪನಿಯಿಂದಲೇ ಕೇಳಿ ಪಡೆಯಿರಿ.

ಅಂಗಡಿ, ಏಜೆನ್ಸಿ, ಗುತ್ತಿಗೆ ಕೆಲಸ ಮಾಡುವವರ ಲೆಕ್ಕ ಬೇರೆ. ಪೆಟ್ರೋಲ್, ರಿಪೇರಿ, ವಿಮೆ, ಜೊತೆಗೆ ಗಾಡಿಯ ಸವಕಳಿ (ಬಳಸಿದಂತೆ ಕುಗ್ಗುವ ಬೆಲೆ), ಇವೆಲ್ಲವನ್ನೂ ವ್ಯಾಪಾರದ ಆದಾಯದಲ್ಲಿ ಕಳೆಯಬಹುದು. ಹೊಸ ಪದ್ಧತಿ ಆರಿಸಿಕೊಂಡವರಿಗೂ ಇದು ಉಂಟು. ಬಾಡಿಗೆಗೆ ಬಿಡದ ಕಾರಿಗೆ ಸವಕಳಿ ವರ್ಷಕ್ಕೆ ಶೇ. 15, ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಹತ್ತು ಲಕ್ಷದ ಕಾರು ಶೇ. 60ರಷ್ಟು ಮಾತ್ರ ವ್ಯಾಪಾರಕ್ಕೆ ಓಡಿದ್ದರೆ ಮೊದಲ ಪೂರ್ಣ ವರ್ಷ ಸಿಗುವುದು 90,000 ರೂಪಾಯಿ. ಊರಿನಲ್ಲಿರುವ ತಂದೆಯ ಹೆಸರಿನ ಗಾಡಿಯನ್ನೇ ಇಲ್ಲಿಗೆ ತಂದು ಓಡಿಸುವ ಕುಟುಂಬಗಳು ಬಹಳ. ಅಂಥವರು ಪೆಟ್ರೋಲ್ ಖರ್ಚು ತೋರಿಸಬಹುದು, ಆದರೆ ಸವಕಳಿ ಗಾಡಿಯ ಮಾಲೀಕರಿಗಷ್ಟೇ.

ಆ ಶೇ. 60 ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ ತೋರಿಸಲು ಪುಸ್ತಕ ಬೇಕು. ನೂರು ಪುಟದ ಒಂದು ನೋಟ್‌ಬುಕ್ ಗಾಡಿಯಲ್ಲೇ ಇರಲಿ. ದಿನಾಂಕ, ಹೊರಟಾಗಿನ ಮೀಟರ್, ತಲುಪಿದಾಗಿನ ಮೀಟರ್, ಕೆಲಸ: "ಕ್ಯಾತ್ಸಂದ್ರದಿಂದ ಅಂತರಸನಹಳ್ಳಿ ಮಾರುಕಟ್ಟೆ, ಸರಕು ತರಲು". ಇಷ್ಟು ಸಾಕು. ಭಾನುವಾರ ಮಕ್ಕಳೊಂದಿಗೆ ದೇವರಾಯನದುರ್ಗಕ್ಕೆ ಹೋದದ್ದನ್ನೂ ಬರೆಯಿರಿ, ಸ್ವಂತದ್ದೆಂದೇ ಬರೆಯಿರಿ. ಸ್ವಂತ ಓಡಾಟವೇ ಇಲ್ಲದ ಪುಸ್ತಕವನ್ನು ಯಾವ ಅಧಿಕಾರಿಯೂ ನಂಬುವುದಿಲ್ಲ. ಬಂಕಿನ ಬಿಲ್ಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿ ಬಿಳಿ ಚೀಟಿ ಉಳಿಯುತ್ತದೆ. ಅಂದಂದೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

ಗ್ಯಾರೇಜಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಯುಪಿಐ ಅಥವಾ ಚೆಕ್ ಮೂಲಕ ಕೊಡಿ.

ವಹಿವಾಟಿನ ಶೇ. 8 ಅಥವಾ ಶೇ. 6ನ್ನು ಲಾಭವೆಂದು ಘೋಷಿಸುವ ಅಂದಾಜು ಆದಾಯದ ಪದ್ಧತಿಯಲ್ಲಿರುವ ಸಣ್ಣ ವ್ಯಾಪಾರಿಗಳಿಗೆ ಇದಾವುದೂ ಅನ್ವಯಿಸದು. ಗಾಡಿಯ ಖರ್ಚು ಆ ಲೆಕ್ಕದೊಳಗೇ ಸೇರಿದೆ, ಮತ್ತೆ ಕಳೆಯುವಂತಿಲ್ಲ. ಹೆಚ್ಚು ಓಡಾಟವಿದ್ದು ಲಾಭ ಕಡಿಮೆ ಇರುವವರು ಯಾವ ಪದ್ಧತಿ ಮೇಲೆಂದು ರಿಟರ್ನ್ ಸಲ್ಲಿಸುವ ಮುನ್ನವೇ ಲೆಕ್ಕ ಪರಿಶೋಧಕರನ್ನು ಕೇಳಿ. ಹೋಗುವಾಗ ನೋಟ್‌ಬುಕ್ ಮತ್ತು ಆರ್‌ಸಿ ಎರಡನ್ನೂ ಒಯ್ಯಿರಿ.