ಗಮ್ ಕಲಸೋಕೆ ಡ್ರಿಲ್: ಒಂದು ಸುಟ್ಟ ಮೇಲೆ ಬಂದ ಬುದ್ಧಿ

ಟೈಲ್ಸ್ ಕೆಲಸಕ್ಕೆ ಇಳಿದ ಹೊಸದರಲ್ಲಿ ನಾನು ಎಲ್ಲವನ್ನೂ ಕೈಯಲ್ಲೇ ಕಲಸುತ್ತಿದ್ದೆ. ಬಾಂಡ್ಲಿ, ಕರಣೆ, ಅಷ್ಟೆ. ಸಿಮೆಂಟ್ ಹಾಲಿಗೆ ಅದು ಸಾಕಿತ್ತು. ಟೈಲ್ಸ್ ಗಮ್, ಅಂದರೆ ನೀರಲ್ಲಿ ಕಲಸಿ ಟೈಲ್ ಅಂಟಿಸುವ ಪುಡಿ, ಬಂದ ಮೇಲೆ ಕಷ್ಟವಾಯಿತು. 20 ಕೆ.ಜಿ. ಚೀಲವನ್ನು ಕೈಯಲ್ಲಿ ಕಲಸಿದರೆ ಪುಡಿಯ ಗಂಟು ಉಳಿದೇ ಉಳಿಯುತ್ತದೆ. ಆ ಗಂಟು ದೊಡ್ಡ ಟೈಲ್‌ನ ಹಿಂದೆ ಸಿಕ್ಕಿಕೊಂಡರೆ ಲೆವೆಲ್ ಕೂರುವುದಿಲ್ಲ.

ಸರಿ, ಇದ್ದ ಡ್ರಿಲ್‌ಗೇ ಕಲಸುವ ರಾಡ್ ಸಿಕ್ಕಿಸಿದೆ. 13 ಎಂಎಂ ಚಕ್ (ಬಿಟ್ ಹಿಡಿಯುವ ಬಾಯಿ), 600 ವ್ಯಾಟ್ ಇಂಪ್ಯಾಕ್ಟ್ ಡ್ರಿಲ್. ಗೋಡೆಗೆ ತೂತು ಹಾಕೋಕೆ ಚಿನ್ನದಂಥ ಮಿಷನ್. ವೇಗ ನಿಮಿಷಕ್ಕೆ 2800 ಸುತ್ತು. ಪೂರ್ತಿ ಒತ್ತಿದರೆ ಗಮ್ ಮುಖಕ್ಕೇ ಹಾರುತ್ತಿತ್ತು. ಅದಕ್ಕೆ ಸ್ವಿಚ್ಚನ್ನು ಅರ್ಧವೇ ಒತ್ತಿ ನಿಧಾನಕ್ಕೆ ಓಡಿಸಿದೆ. ಅದನ್ನೇ ಜಾಣತನ ಅಂದುಕೊಂಡಿದ್ದೆ! ಮೂರನೇ ಬಕೆಟ್‌ಗೆ ಜೊತೆಗಿದ್ದ ಹುಡುಗ, "ಅಣ್ಣಾ, ಏನೋ ಸುಟ್ಟ ವಾಸನೆ" ಅಂದ. ಆರ್ಮೇಚರ್, ಅಂದರೆ ಮೋಟಾರ್ ಒಳಗೆ ತಿರುಗುವ ತಂತಿ ಸುತ್ತಿದ ಭಾಗ, ಹೋಗಿತ್ತು.

ರಿಪೇರಿ ಅಂಗಡಿಯಲ್ಲಿ ಬಿಚ್ಚಿ ತೋರಿಸಿದರು. ಮೋಟಾರಿಗೆ ಗಾಳಿ ಕೊಡುವ ಫ್ಯಾನ್ ಅದೇ ಶಾಫ್ಟ್ ಮೇಲೆ ಕೂತಿರುತ್ತದೆ. ಮೋಟಾರ್ ನಿಧಾನವಾದರೆ ಫ್ಯಾನೂ ನಿಧಾನ. ಹೊರೆ ಜಾಸ್ತಿ, ಗಾಳಿ ಕಮ್ಮಿ. ಸುಡದೆ ಇನ್ನೇನಾಗುತ್ತೆ? ಕಲಸುವ ಮಿಷನ್‌ನಲ್ಲಿ ಮೋಟಾರ್ ಜೋರಾಗೇ ಓಡುತ್ತದೆ, ಗೇರ್ ವೇಗ ಇಳಿಸಿ ಬಲ ಕೊಡುತ್ತದೆ.

ಮುಂದಿನ ಸಲ ಕಲಸುವ ಮಿಷನ್ನೇ ತರೋಣ ಅಂತ ಬೆಂಗಳೂರಿನ ಮಿಷನ್ ಅಂಗಡಿಗಳ ಎಸ್.ಜೆ.ಪಿ. ರಸ್ತೆಗೆ ಹೋದೆ. ಅಂಗಡಿಯಲ್ಲಿ ಎಲ್ಲರೂ ಹೇಳುವುದು ವ್ಯಾಟ್ ಮಾತ್ರ. ನಾನು ಮಿಷನ್ ತಿರುಗಿಸಿ ಪ್ಲೇಟ್ ಮೇಲಿನ ಸುತ್ತಿನ ಲೆಕ್ಕ ನೋಡಿದೆ. ತೆಗೆದುಕೊಂಡಿದ್ದು 1400 ವ್ಯಾಟ್‌ನದು, ಜಾಸ್ತಿ ಅಂದರೆ 700 ಸುತ್ತು. ಎರಡು ಕಡೆ ಹಿಡಿ ಇದೆ. ಇದು ಬೇಕೇ ಬೇಕು. ಹಿಂದೊಮ್ಮೆ ಸೈಡ್ ಹ್ಯಾಂಡಲ್ ಇಲ್ಲದೆ ಕಲಸುವಾಗ ರಾಡ್ ಬಕೆಟ್ ಅಂಚಿಗೆ ಸಿಕ್ಕಿ, ಡ್ರಿಲ್ಲೇ ತಿರುಗಿ ಮಣಿಕಟ್ಟು ಉಳುಕಿತ್ತು. ವಾರ ಪೂರ್ತಿ ಎಡಗೈಯಲ್ಲಿ ಊಟ.

ಕಾಂಕ್ರೀಟ್‌ಗೆ ಕುಟ್ಟುತ್ತಾ ತೂತು ಹಾಕುವ ರೋಟರಿ ಹ್ಯಾಮರ್‌ಗೆ ಚಕ್ ಸಿಕ್ಕಿಸಿ ಕಲಸುವವರೂ ಇದ್ದಾರೆ. ನಾನೂ ಮಾಡಿದ್ದೇನೆ. ಬಲ ಇದೆ, ಆದರೆ ಚಕ್ ಅಲ್ಲಾಡುತ್ತದೆ. ಕುಟ್ಟುವುದನ್ನು (ಹ್ಯಾಮರ್) ಆಫ್ ಮಾಡೋದು ಮರೆತರಂತೂ ಮುಗೀತು.

ರಾಡ್‌ನಲ್ಲೂ ವ್ಯತ್ಯಾಸ ಇದೆ. ಗಮ್‌ನಂಥ ಗಟ್ಟಿ ಮಾಲಿಗೆ ತಳದಿಂದ ಮೇಲಕ್ಕೆ ಎತ್ತುವ ಸುರುಳಿ ಬೇಕು. ಪೇಂಟ್‌ನಂಥ ತೆಳುವಾದದ್ದಕ್ಕೆ ಮೇಲಿಂದ ಕೆಳಕ್ಕೆ ತಳ್ಳುವುದು, ಇಲ್ಲದಿದ್ದರೆ ಚಿಮ್ಮುತ್ತದೆ. ಮೊದಲು ನೀರು, ಆಮೇಲೆ ಪುಡಿ. ರಾಡ್ ಮುಳುಗಿದ ಮೇಲೆ ಸ್ವಿಚ್ ಒತ್ತಬೇಕು, ನಿಂತ ಮೇಲೆ ಎತ್ತಬೇಕು. ಒಮ್ಮೆ ಕಲಸಿ, ಚೀಲದ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ನೀರು ಸೇರಿಸದೆ ಇನ್ನೊಮ್ಮೆ ತಿರುಗಿಸುತ್ತೇನೆ.

ಟೈಲ್‌ಗಳ ನಡುವಿನ ಸಂದು ತುಂಬುವ ಗ್ರೌಟ್‌ಗೆ ಈ ದೊಡ್ಡ ಮಿಷನ್ ತೆಗೆಯುವುದೇ ಇಲ್ಲ. ಒಂದು ಕೆ.ಜಿ. ಪ್ಯಾಕೆಟ್ ಆದರೆ ಕೈಯಲ್ಲಿ ಹಿಡಿಯುವ ತಗಡಿನ ಪಟ್ಟಿಯಲ್ಲೇ ಕಲಸಬಹುದು. ನಾಲ್ಕೈದು ಪ್ಯಾಕೆಟ್ ಇದ್ದರೆ 18 ವೋಲ್ಟ್ ಬ್ಯಾಟರಿ ಡ್ರಿಲ್‌ಗೆ ಸಣ್ಣ ರಾಡ್ ಹಾಕಿ, ನಿಧಾನದ ಗೇರ್ ಒಂದರಲ್ಲಿ ಓಡಿಸುತ್ತೇನೆ. ಜೋರು ಮಾಡಿದರೆ ಒಳಗೆ ಗಾಳಿ ಸೇರುತ್ತದೆ. ಒಣಗಿದ ಮೇಲೆ ಜಾಯಿಂಟ್ ತುಂಬ ಸೂಜಿ ಚುಚ್ಚಿದಂಥ ತೂತು. ಮನೆಯವರು ಅದನ್ನೇ ಬೆರಳಿಟ್ಟು ತೋರಿಸುತ್ತಾರೆ.

ಇನ್ನೊಂದು, ಸೈಟ್‌ನ ಕರೆಂಟು. ಉದ್ದದ ತೆಳು ವೈರ್ ಎಳೆದರೆ ವೋಲ್ಟೇಜ್ ಬಿದ್ದು ಒಳ್ಳೆ ಮಿಷನ್ನೂ ಸೊರಗುತ್ತದೆ. ನಾನು 2.5 ಚದರ ಎಂಎಂ ದಪ್ಪ ವೈರ್‌ನದೇ ಎಕ್ಸ್‌ಟೆನ್ಷನ್ ಬೋರ್ಡ್ ಮಾಡಿಸಿಕೊಂಡಿದ್ದೇನೆ, ಅರ್ಥಿಂಗ್ ಸಮೇತ. ಒದ್ದೆ ಕೈಯ ಕೆಲಸ ಅಲ್ವಾ.

ಹಳೇ ಡ್ರಿಲ್‌ಗೆ ಬೇರೆ ಆರ್ಮೇಚರ್ ಹಾಕಿಸಿದೆ. ತೂತಿನ ಕೆಲಸಕ್ಕೆ ಈಗಲೂ ಬರುತ್ತದೆ. ಹುಡುಗ ಅದರ ಮೇಲೆ ಮಾರ್ಕರ್‌ನಲ್ಲಿ "ಗಮ್ ಕಲಸಬೇಡಿ" ಅಂತ ಬರೆದಿದ್ದಾನೆ.